ಟೋಸ್ಟ್: ಕಚ್ಚಿದರೆ ಸದ್ದಾಗುತ್ತದೆ

ನಿಘಂಟಿನ ಕಚೇರಿಗೆ ಹೊಸದಾಗಿ ಸೇರುವ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದೀರಿ. ಬರೆಯುತ್ತೇನೆ. ಆದರೆ ಪದಸೇವೆ, ತಪಸ್ಸು, ನುಡಿಪೂಜೆ ಎಂಬ ಮಾತುಗಳನ್ನು ನನ್ನಿಂದ ನಿರೀಕ್ಷಿಸಬೇಡಿ, ಅವನ್ನು ಬರೆಯುವವರು ಬೇರೆ ಇದ್ದಾರೆ. ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆಯುವ ಈ ಕೆಲಸದಲ್ಲಿ ಕಣ್ಣು ಹಾಳಾಗುತ್ತದೆ, ಬೆನ್ನು ಹಾಳಾಗುತ್ತದೆ ಎಂದು ಎಲ್ಲರೂ ನಿಮಗೆ ಹೇಳಿಯೇ ಹೇಳುತ್ತಾರೆ. ಹೊಟ್ಟೆ ಹಾಳಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಹೊಟ್ಟೆಕಿಚ್ಚಿನಿಂದ ಹಾಳಾಗುತ್ತದೆ. ನನ್ನದು ಹಾಗೇ ಆಯಿತು, ಅದಕ್ಕೆ ಕಾರಣ ದಾಕ್ಷಾಯಿಣಿ.

ನಾನು ಒಕ್ಕಲು ಮನೆಯವಳು. ಕೆ.ಆರ್.ಎಸ್. ರಸ್ತೆಯ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು ಇಂಗ್ಲಿಷ್ ಎಂ.ಎ. ಮಾಡಿದೆ. ನಮ್ಮ ವಂಶದಲ್ಲೇ ಮೊದಲನೆಯವಳು ಎಂಬ ಹೆಮ್ಮೆ ತಲೆಗೆ ಏರಿತ್ತು. ನನ್ನ ಕೈ ಹಿಡಿದವರಿಗೆ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ಕುವೆಂಪುನಗರ. ನಿಘಂಟಿನ ಕಚೇರಿಗೆ ಸೇರಿದಾಗ ಉಪಸಂಪಾದಕರಲ್ಲಿ ನಾನೊಬ್ಬಳೇ ಹೆಂಗಸು. ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ದೇವರಾಜ ಮೊಹಲ್ಲಾದ ದಿನಸಿ ಅಂಗಡಿಯವರ ಮಗಳು ದಾಕ್ಷಾಯಿಣಿ ಬಂದಳು. ಹಣೆಯ ಮೇಲೆ ಸಣ್ಣ ವಿಭೂತಿ ಗೆರೆ, ಇಳಕಲ್ ಸೀರೆ, ಮುತ್ತು ಪೋಣಿಸಿದಂಥ ಅಕ್ಷರ. ಬಂದ ದಿನವೇ ಕಿಟಕಿಯ ಪಕ್ಕದ ಮೇಜು ಅವಳಿಗೆ. ಆ ಮೇಜಿಗಾಗಿ ನಾನು ಎಷ್ಟು ಸಲ ಬಾಯಿಬಿಟ್ಟು ಕೇಳಿದ್ದೆನೋ ಲೆಕ್ಕವಿಲ್ಲ.

ಎದುರಿಗೆ ನಾನು ಅವಳನ್ನು 'ರೀ ದಾಕ್ಷಾಯಿಣಿಯವರೇ' ಎಂದೇ ಕರೆದದ್ದು. ಏಕವಚನವೆಲ್ಲ ಮನಸ್ಸಿನೊಳಗೆ. ಇಲ್ಲಿ ಬರೆಯುವಾಗಲೂ ಅದೇ ಬರುತ್ತದೆ, ತಿದ್ದಲು ಹೋಗುವುದಿಲ್ಲ.

ನಮ್ಮ ಪ್ರಧಾನ ಸಂಪಾದಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿ ಬಂದವರು. ತೆಳ್ಳಗಿನ ಮನುಷ್ಯ, ದಪ್ಪನೆಯ ಕೆಂಪು ಪೆನ್ನು. ಕಾನೂನು, ವೈದ್ಯ, ಯಂತ್ರದ ಪದಗಳು ಗಂಡಸರಿಗೆ. ಊಟ, ಉಡುಗೆ, ಮಕ್ಕಳು ಮರಿ ಹೆಂಗಸರಿಗೆ ಎಂದು ಅವರು ಹಂಚಿಬಿಟ್ಟಿದ್ದರು. ನನಗೆ ಮೈ ಉರಿಯಿತು. ದಾಕ್ಷಾಯಿಣಿ ಮಾತ್ರ, 'ಊಟದ ಪದ ಅಂದ್ರೆ ಸುಲಭಾನಾ ಕಣ್ರೀ? ಕಾನೂನಿನ ಪದಕ್ಕೆ ತಪ್ಪು ಅರ್ಥ ಬರೆದ್ರೆ ವಕೀಲರಿಗೆ ಮಾತ್ರ ಗೊತ್ತಾಗುತ್ತೆ, ಉಪ್ಪಿನಕಾಯಿಗೆ ತಪ್ಪು ಬರೆದ್ರೆ ಊರಿಗೆಲ್ಲ ಗೊತ್ತಾಗುತ್ತೆ' ಎಂದು ನಕ್ಕಳು. ಮೇಷ್ಟ್ರೂ ನಕ್ಕರು. ಆ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ನಾನು ಸಂಜೆ ಬಸ್ಸಿನುದ್ದಕ್ಕೂ ಯೋಚಿಸಿದೆ.

ನನ್ನ ಮೊದಲ ಎಡವಟ್ಟು ಬ್ರೆಡ್ಡಿನದು. ನಮ್ಮ ಮನೆಯಲ್ಲಿ ಬ್ರೆಡ್ಡು ಬರುತ್ತಿದ್ದದ್ದು ಯಾರಿಗಾದರೂ ಮೈ ಬಿಸಿಯಾದಾಗ ಮಾತ್ರ. ಅಪ್ಪ ಸಂತೆಯಿಂದ ಬ್ರೆಡ್ಡು ತಂದರೆ ಪಕ್ಕದ ಮನೆಯವರು 'ಯಾರ್ಗೆ ಉಸಾರಿಲ್ಲ?' ಎಂದು ಕೇಳಿಕೊಂಡು ಬರುತ್ತಿದ್ದರು. ಹಾಗಾಗಿ ನಾನು ಯಾವ ಅನುಮಾನವೂ ಇಲ್ಲದೆ ಬರೆದೆ: 'ಜ್ವರ ಬಂದವರು ಹಾಲಿನಲ್ಲಿ ಅದ್ದಿ ತಿನ್ನುವ, ಮೈದಾ ಹಿಟ್ಟಿನ ಮೆತ್ತಗಿನ ಆಹಾರ.' ಮೇಷ್ಟ್ರು ಚೀಟಿಯನ್ನು ವಾಪಸು ಕಳಿಸಿದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಜ್ವರ ಇಳಿದ ಮೇಲೆ ಇನ್ನೊಮ್ಮೆ ಬರೆಯಿರಿ' ಎಂದಿತ್ತು. ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಮಗೆ ಹೇಳುವುದಿಷ್ಟೆ: ನಿಮ್ಮ ಮನೆಯ ಅಭ್ಯಾಸ ಲೋಕದ ಅರ್ಥವಲ್ಲ. ಈ ತಪ್ಪನ್ನು ನೀವೂ ಮಾಡುತ್ತೀರಿ, ಮಾಡಿದಾಗ ನನ್ನನ್ನು ನೆನೆಯಿರಿ.

ಇನ್ನು ಒಗಟಿನ ವಿಷಯ. ಈಗ ನೀವು ಅದನ್ನು ಬಿಟ್ಟಿದ್ದೀರಂತೆ, ಬಿಡಬಾರದಿತ್ತು. ಸಂಜೆ ಕಾಫಿಯ ಹೊತ್ತಿಗೆ ನಾವು ಐದಾರು ಜನ ಮೇಷ್ಟ್ರ ಮೇಜಿನ ಸುತ್ತ ಸೇರುತ್ತಿದ್ದೆವು. ಅವತ್ತು ಬರೆದ ಅರ್ಥವನ್ನು ಒಬ್ಬೊಬ್ಬರೂ ಓದಬೇಕು, ಆದರೆ ಪದವನ್ನು ಹೇಳಬಾರದು. ಕೇಳಿದವರು ಅದು ಯಾವ ಪದ ಎಂದು ಹೇಳಬೇಕು. ಹೇಳಿದರೆ ಅರ್ಥ ಗೆದ್ದಿತು, ಇಲ್ಲದಿದ್ದರೆ ಮತ್ತೆ ಬರೆಯಬೇಕು. ಗೆದ್ದ ಅರ್ಥಕ್ಕೆ ಮೇಷ್ಟ್ರು 'ಅಚ್ಚಿಗೆ ಹೋಗಲಿ' ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ.

ಒಂದು ಸಂಜೆ ನಾನು ಓದಿದೆ: 'ಹಸಿ ಸೊಪ್ಪು ಮತ್ತು ತರಕಾರಿಗಳನ್ನು ಹೆಚ್ಚಿ, ಬೇಯಿಸದೆ, ಉಪ್ಪು ಹುಳಿ ಬೆರೆಸಿ ಕೊಡುವಂಥದ್ದು.' ನನ್ನ ಮನಸ್ಸಿನಲ್ಲಿದ್ದದ್ದು ಸಲಾಡ್. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಂತ್ರದ ಪದ ಬರೆಯುತ್ತಿದ್ದವರೊಬ್ಬರು ಮೆಲ್ಲಗೆ, 'ಅಲ್ಲಾ ಪುಟ್ಟಲಕ್ಷ್ಮಮ್ಮ, ಹಸುವಿನ ಮೇವಿಗೆ ಹುಳಿ ಯಾಕೆ?' ಎಂದರು.

ನನ್ನ ನಂತರ ದಾಕ್ಷಾಯಿಣಿಯ ಸರದಿ. ಅವಳು ಚೀಟಿಯನ್ನೂ ನೋಡದೆ, 'ಚಮಚ ತಾಗಿಸಿದರೆ ನಡುಗುವ ಸಿಹಿ' ಎಂದಳು.

'ಜೆಲ್ಲಿ!' ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಕೂಗಿದವರಲ್ಲಿ ನಾನೂ ಇದ್ದೆ, ಬಾಯಿ ನನ್ನ ಮಾತು ಕೇಳಲಿಲ್ಲ. ಮೇಷ್ಟ್ರು 'ಅಚ್ಚಿಗೆ ಹೋಗಲಿ' ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯಿತು. ಜೆಲ್ಲಿಯನ್ನು ನಾನೂ ತಿಂದಿದ್ದೆ, ಅದು ನಡುಗುವುದನ್ನು ನಾನೂ ನೋಡಿದ್ದೆ. ನೋಡಿದ್ದನ್ನು ಬರೆಯಬಹುದು ಎಂಬುದು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ.

ಅವಳ ಗಂಡ ಮಧ್ಯಾಹ್ನ ಸ್ಕೂಟರಿನಲ್ಲಿ ಬಿಸಿ ಬುತ್ತಿ ತಂದುಕೊಡುತ್ತಿದ್ದ, ಅದಕ್ಕೂ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ತಲೆನೋವು ಬಂದರೆ ಮೇಷ್ಟ್ರು 'ಮನೆಗೆ ಹೋಗಮ್ಮ' ಎನ್ನುತ್ತಿದ್ದರು, ಅದಕ್ಕೂ ಉರಿಯುತ್ತಿತ್ತು. ಕೊನೆಗೆ ಅವಳ ತಲೆನೋವಿಗೂ ನಾನು ಆಸೆಪಟ್ಟೆ ಎಂದರೆ ನೋಡಿ.

ಹೀಗಿರುವಾಗ ಟೋಸ್ಟ್ ಬಂತು. ಮೇಷ್ಟ್ರು ಒಂದು ದಿನ ನಮ್ಮಿಬ್ಬರನ್ನೂ ಕರೆದು, ಹೊಸದಾಗಿ ಸೇರುವವರಿಗೆ ತೋರಿಸಲು ಒಂದು ಮಾದರಿ ಅರ್ಥ ಬೇಕಾಗಿದೆ ಎಂದರು. ಎಲ್ಲರ ಬಾಯಲ್ಲೂ ಇರುವ ಒಂದು ತಿಂಡಿಯ ಪದವಾಗಬೇಕು. 'ಟೋಸ್ಟ್ ತಗೊಳ್ಳಿ. ಇಬ್ಬರೂ ಬರೀರಿ. ಯಾವುದು ಗೆಲ್ಲುತ್ತೋ ಅದನ್ನ ಗೋಡೆಗೆ ಹಾಕ್ತೀನಿ. ಇನ್ನು ಮುಂದೆ ಬರೋರೆಲ್ಲ ಅದನ್ನೇ ನೋಡಿ ಕಲೀಲಿ.'

ಗೋಡೆಗೆ! ನಾನು ಅದನ್ನು ಬಯಸಿದಷ್ಟು ನನ್ನ ಜೀವನದಲ್ಲಿ ಬೇರೇನನ್ನೂ ಬಯಸಲಿಲ್ಲ. ಪುಸ್ತಕದ ಮೇಲೆ ನಮ್ಮ ಹೆಸರು ಬರುವುದಿಲ್ಲ, ಯಾವ ಅರ್ಥ ಯಾರು ಬರೆದರು ಎಂದು ಓದುಗರಿಗೆ ತಿಳಿಯುವುದಿಲ್ಲ. ಆದರೆ ಗೋಡೆಯ ಈ ಒಂದು ಸಾಲನ್ನು ತೋರಿಸಿ 'ಇದನ್ನು ಬರೆದವರು ಪುಟ್ಟಲಕ್ಷ್ಮಮ್ಮ' ಎಂದು ಮುಂದಿನ ತಲೆಮಾರಿನವರು ಬಾಯಿಂದ ಬಾಯಿಗೆ ಹೇಳುತ್ತಾರೆ.

ನಾನು ಲೈಬ್ರರಿಯಲ್ಲಿ ಬಿಡಾರ ಹೂಡಿದೆ. ದಪ್ಪ ದಪ್ಪ ಕೋಶಗಳನ್ನು ಇಳಿಸಿ ಧೂಳು ಕುಡಿದೆ. ಅಲ್ಲಿ ಸಿಕ್ಕಿದ ಸಂತೋಷವನ್ನು ಹೇಗೆ ಹೇಳಲಿ! ಟೋಸ್ಟ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಫ್ರೆಂಚಿಗೆ ಬಂದದ್ದು ಲ್ಯಾಟಿನ್ನಿನಿಂದ. ಲ್ಯಾಟಿನ್ನಿನ ಆ ಮಾತಿಗೆ ಒಣಗಿಸು, ಬಿಸಿಗೆ ಹಿಡಿದು ಆರಿಸು ಎಂದು ಅರ್ಥ. ಅದರ ಬುಡ ಕೆದಕುತ್ತ ಹೋದರೆ ಇಂಗ್ಲಿಷಿನಲ್ಲಿ ಬಾಯಾರಿಕೆಗೆ ಇರುವ ಪದವೂ, ಸಂಸ್ಕೃತದಿಂದ ನಮಗೆ ಬಂದ ತೃಷೆಯೂ ಅದೇ ಬೇರಿನ ಚಿಗುರುಗಳು. ನೀರು ಆರಿದ ಬ್ರೆಡ್ಡಿಗೂ ನೀರು ಆರಿದ ಗಂಟಲಿಗೂ ಒಂದೇ ಮೂಲ. ಕುವೆಂಪುನಗರದ ಬೇಕರಿಯ ಟೋಸ್ಟು ನಮ್ಮ ತೃಷೆಗೆ ನೆಂಟ ಎಂದು ತಿಳಿದಾಗ ನಾನು ಲೈಬ್ರರಿಯಲ್ಲೇ 'ಅಯ್ಯೋ ದೇವ್ರೇ' ಎಂದು ಕೂಗಿದ್ದೆ. ಮೇಲ್ವಿಚಾರಕರು ಬಂದು ಗದರಿಸಿ ಹೋದರು.

ಇನ್ನೊಂದು ಅರ್ಥವೂ ಸಿಕ್ಕಿತು. ಹಿಂದೆ ಇಂಗ್ಲೆಂಡಿನಲ್ಲಿ ದ್ರಾಕ್ಷಾರಸದ ಬಟ್ಟಲಿಗೆ ರುಚಿಗೆಂದು ಮಸಾಲೆ ಹಚ್ಚಿ ಸುಟ್ಟ ಬ್ರೆಡ್ಡಿನ ಚೂರು ಹಾಕುತ್ತಿದ್ದರಂತೆ. ಆಮೇಲೆ ಒಬ್ಬ ಹೆಂಗಸಿನ ಹೆಸರು ಹೇಳಿ ಬಟ್ಟಲೆತ್ತುವ ಪದ್ಧತಿ ಬಂತು. ಆ ಚೂರಿನಂತೆ ಅವಳ ಹೆಸರೇ ಪಾನಕ್ಕೆ ರುಚಿ ಕೊಡುತ್ತದೆ ಎಂಬ ಭಾವನೆ. ಹಾಗೆ ಬಟ್ಟಲೆತ್ತಿ ಕುಡಿಯುವುದಕ್ಕೂ ಟೋಸ್ಟ್ ಎಂದು ಹೆಸರಾಯಿತು, ಎಲ್ಲರೂ ಹೊಗಳುವ ವ್ಯಕ್ತಿಗೂ ಆ ಹೆಸರೇ ಬಂತು. ನಮ್ಮ ಹಳೆಯ ಆವೃತ್ತಿಯಲ್ಲಿ ಈ ಅರ್ಥ ಇರಲೇ ಇಲ್ಲ. ಅದನ್ನು ನಂಬಿ ಒಂದು ಪತ್ರಿಕೆಯ ಉಪಸಂಪಾದಕರು, ವಿದೇಶಿ ಅತಿಥಿಗೆ ಔತಣಕೂಟದಲ್ಲಿ 'ಸುಟ್ಟ ಬ್ರೆಡ್ಡನ್ನು ಅರ್ಪಿಸಿ ಗೌರವಿಸಲಾಯಿತು' ಎಂದು ಅಚ್ಚು ಹಾಕಿಸಿ, ಆಮೇಲೆ ನಮ್ಮ ಮೇಷ್ಟ್ರಿಗೆ ಫೋನ್ ಮಾಡಿ ಕೂಗಾಡಿದ್ದರು. ಎಲ್ಲರೂ ಹೊಗಳುವ ವ್ಯಕ್ತಿ ಎಂದು ಬರೆಯುವಾಗ ನನಗೆ ಕಂಡದ್ದು ಕಿಟಕಿಯ ಪಕ್ಕದ ಮೇಜು. ನಮ್ಮ ಕಚೇರಿಯ ಟೋಸ್ಟು ಅಲ್ಲೇ ಕೂತಿತ್ತಲ್ಲ.

ಅವಳೇನು ಮಾಡುತ್ತಿದ್ದಾಳೆ ಎಂದು ನಾನು ಕಣ್ಣಿಟ್ಟೇ ಇದ್ದೆ. ಕೋಶ ಮುಟ್ಟಲಿಲ್ಲ, ಲೈಬ್ರರಿಗೆ ಬರಲಿಲ್ಲ. ಒಂದು ಮಧ್ಯಾಹ್ನ ದೇವರಾಜ ಮಾರುಕಟ್ಟೆಯ ಕಡೆ ಹೋದಾಗ ನೋಡಿದರೆ, ಒಂದು ಬೇಕರಿಯ ಮುಂದೆ ನಿಂತು ಟೀಯಲ್ಲಿ ಟೋಸ್ಟ್ ಅದ್ದಿ ತಿನ್ನುವವರನ್ನು ನೋಡುತ್ತಾ ತಾನೂ ತಿನ್ನುತ್ತಿದ್ದಳು. 'ಸೋತಳು' ಎಂದುಕೊಂಡೆ. ಆ ದಿನ ಮನೆಗೆ ಹೋಗಿ ಪಾಯಸ ಮಾಡಿದೆ.

ಓದುವ ಸಂಜೆ ಬಂತು. ನಾನು ಮೊದಲು ಓದಿದೆ: 'ಮೈಯ ನೀರೆಲ್ಲ ಆರುವಂತೆ ಬೆಂಕಿಗೆ ಹಿಡಿದ ಹೋಳು, ಒಣಗಿಸು ಎಂಬ ಮಾತಿನಿಂದ ಹುಟ್ಟಿದ್ದು, ನಮ್ಮ ತೃಷೆಗೆ ದೂರದ ನೆಂಟ.'

ಒಬ್ಬರು 'ಹಪ್ಪಳಾನಾ?' ಎಂದರು. ಇನ್ನೊಬ್ಬರು 'ಬಾಳಕದ ಮೆಣಸಿನಕಾಯಿ ಇರ್ಬೇಕು' ಎಂದರು.

ದಾಕ್ಷಾಯಿಣಿ ಓದಿದಳು: 'ಒಮ್ಮೆ ಬೆಂದದ್ದನ್ನು ಹೋಳು ಮಾಡಿ, ಎರಡೂ ಮೈ ಕೆಂಪಾಗುವಂತೆ ಮತ್ತೆ ಕಾಯಿಸಿದ್ದು, ಕಚ್ಚಿದರೆ ಸದ್ದಾಗುತ್ತದೆ.'

ಅವಳು ಮುಗಿಸುವುದಕ್ಕೆ ಮೊದಲೇ ಎಲ್ಲರೂ 'ಟೋಸ್ಟ್' ಎಂದರು. ಮೇಷ್ಟ್ರು ಹೇಳಬೇಕಾದ್ದನ್ನು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, 'ಪುಟ್ಟಲಕ್ಷ್ಮಮ್ಮನವರೇ, ನಿಮ್ಮದು ವಿದ್ವತ್ತು. ಆದ್ರೆ ತಿಂಡಿ ಕೇಳೋಕೆ ಬಂದೋನಿಗೆ ಬಾಯಾರಿಕೆ ಕೊಟ್ಟು ಕಳಿಸಿದ್ರಲ್ಲ!' ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪುಸ್ತಕದಲ್ಲಿ ಜಾಗ ಕಡಿಮೆ ಎಂದು ತೃಷೆಯ ಮಾತನ್ನು ಪೂರ್ತಿ ಕೈಬಿಟ್ಟರು.

ಮನೆಯಲ್ಲಿ ನಮ್ಮವರು, 'ಒಂದು ಬ್ರೆಡ್ ಚೂರಿಗೆ ಇಷ್ಟೊಂದು ಹೊಟ್ಟೆ ಉರ್ಕೊಂಡ್ರೆ ಹೆಂಗೆ? ಬುಡೆ ಅತ್ಲಾಗೆ' ಎಂದರು. ಅವರಿಗೇನು ಗೊತ್ತು? ಅವರ ಕಾರ್ಖಾನೆಯಲ್ಲಿ ಒಬ್ಬ ಮಾಡಿದ ನಟ್ಟು ಇನ್ನೊಬ್ಬ ಮಾಡಿದ ನಟ್ಟಿನ ಹಾಗೇ ಇರುತ್ತದೆ.

ಆ ಸಾಲು ಗೋಡೆಗೆ ಹೋಯಿತು. ಹೊಟ್ಟೆಕಿಚ್ಚಿನ ಮೇಲೆ ತುಪ್ಪ ಸುರಿದಂತೆ, ಹೊಸಬರಿಗೆ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದಾಕ್ಷಾಯಿಣಿಗೆ ಪಾಠ ಹೇಳಲು ಬರುತ್ತಿರಲಿಲ್ಲ, 'ಅದು ಹಂಗೇ ಬಂದ್ಬುಡುತ್ತೆ ಕಣ್ರೀ, ಹೇಗೆ ಅಂತ ಹೇಳಲಿ' ಎನ್ನುತ್ತಿದ್ದಳು. ಆದ್ದರಿಂದ ಪ್ರತಿ ಸಲ ಹೊಸಬರು ಬಂದಾಗ ನಾನೇ ಗೋಡೆಯ ಮುಂದೆ ನಿಂತು, ಅವಳ ಸಾಲಿನ ಒಂದೊಂದು ಪದವನ್ನೂ ಬಿಡಿಸಿ ತೋರಿಸಬೇಕು. ಯಾಕೆ 'ಒಮ್ಮೆ ಬೆಂದದ್ದು' ಎಂಬುದು ಮೊದಲು ಬರಬೇಕು, ಯಾಕೆ 'ಮತ್ತೆ' ಎಂಬ ಸಣ್ಣ ಮಾತಿಲ್ಲದಿದ್ದರೆ ಇಡೀ ಅರ್ಥ ಕುಸಿಯುತ್ತದೆ, ಕಣ್ಣಿನಿಂದ ಶುರುವಾದದ್ದು ಹೇಗೆ ಕಿವಿಯಲ್ಲಿ ಮುಗಿಯುತ್ತದೆ. ಅದರಲ್ಲಿ ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿ ಹುಡುಕಿ, ಅವಳು ಕನಸಲ್ಲೂ ನೆನೆಯದ ಗುಣಗಳನ್ನೆಲ್ಲ ನಾನೇ ಕಂಡುಹಿಡಿದೆ. ಹೊಸಬರು 'ಎಷ್ಟು ಚೆನ್ನಾಗಿ ಬರೆದವ್ರೆ ಮೇಡಂ!' ಎಂದು ಬಾಯಿಬಿಟ್ಟು ನೋಡುತ್ತಿದ್ದರು. ಪಾಠದ ಕೊನೆಯಲ್ಲಿ ತೃಷೆಯ ನಂಟನ್ನು ನನ್ನ ಸಮಾಧಾನಕ್ಕೆ ಸೇರಿಸುತ್ತಿದ್ದೆ. ಅಷ್ಟು ಹೊತ್ತಿಗೆ ಅವರಿಗೆ ಹಸಿವಾಗಿರುತ್ತಿತ್ತು.

ಮೇಷ್ಟ್ರು ಹೋದರು. ಚೀಟಿಗಳನ್ನು ಗೋಣಿಚೀಲಕ್ಕೆ ತುಂಬಿ ಕಂಪ್ಯೂಟರ್ ತಂದರು. ನಾವು ಒಂದು ಪದದ ಬಳಕೆ ಹುಡುಕಲು ತಿಂಗಳುಗಟ್ಟಲೆ ಓದಬೇಕಾಗಿತ್ತು, ನೀವು ಒಂದು ಗುಂಡಿ ಒತ್ತಿದರೆ ಸಾವಿರ ಬಳಕೆ ಬಂದು ಬೀಳುತ್ತವೆ. ನಿಮ್ಮ ಮೇಲೂ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇಕೆ? ನಾವಿಬ್ಬರೂ ನಿವೃತ್ತರಾದೆವು. ಅವಳ ಬೀಳ್ಕೊಡುಗೆಗೆ ಜನ ಹೆಚ್ಚು ಬಂದಿದ್ದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ ಎಂದುಕೊಂಡಿದ್ದೆ, ಬರೆದುಬಿಟ್ಟೆ.

ಈಗ ಇತ್ತೀಚಿನ ಮಾತು. ನಿಮ್ಮ ಸಂಪಾದಕಿ ಭವ್ಯಾ ನನ್ನ ಕೊನೆಯ ತಂಡದಲ್ಲಿ ಕಲಿತ ಹುಡುಗಿ. ಅವಳು ಫೋನ್ ಮಾಡಿ, 'ಮೇಡಂ, ಮೊಬೈಲಿನ ನಿಘಂಟು ಮಾಡ್ತಿದೀವಿ. ಒಂದು ಪದಕ್ಕೆ ಒಂದೇ ಸಾಲು ಎದ್ದು ಕಾಣೋದು, ಮಿಕ್ಕ ಅರ್ಥಗಳು ಒತ್ತಿದ್ರೆ ತೆರ್ಕೊಳ್ಳುತ್ವೆ' ಎಂದಳು. ಟೋಸ್ಟಿಗೆ ಈಗಿನ ಹುಡುಗರು 'ಕಥೆ ಮುಗಿಯಿತು, ಕೆಟ್ಟುಹೋದ' ಎಂಬ ಅರ್ಥವನ್ನೂ ಕೊಟ್ಟಿದ್ದಾರಂತೆ. ಎಲ್ಲ ಅರ್ಥಕ್ಕೂ ಬೇರಿನಂತಿರುವ ಸಾಲು ಬೇಕು ಎಂದು ಅವರ ಸಮಿತಿಯ ಅಭಿಪ್ರಾಯ. 'ನೀವು ಪಾಠದಲ್ಲಿ ಹೇಳ್ತಿದ್ರಲ್ಲ ಮೇಡಂ, ತೃಷೆಗೆ ನೆಂಟ ಅಂತ, ಅದನ್ನ ಹಾಕೋಣ ಅಂತಿದೀವಿ. ದಾಕ್ಷಾಯಿಣಿ ಮೇಡಂ ಸಾಲು ತೆಗೀಬೇಕಾಗುತ್ತೆ.'

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

'ಆದ್ರೆ ಬರೆದವರು ಇರೋವಾಗ ಅವರನ್ನ ಕೇಳದೆ ಸಾಲು ತೆಗೀಬಾರ್ದು ಅಂತ ಮೇಷ್ಟ್ರ ಕಾಲದ ಪದ್ಧತಿ ಇದೆಯಲ್ಲ ಮೇಡಂ. ನಂಗೆ ಕೇಳೋಕೆ ಸಂಕಟ. ನೀವು ಅವರ ಸ್ನೇಹಿತರು, ಒಂದ್ ಮಾತು ಕೇಳ್ತೀರಾ?'

ಸ್ನೇಹಿತರಂತೆ! 'ಕೇಳ್ತೀನಿ ಕಣಮ್ಮ, ಈಗ್ಲೇ ಹೋಗ್ತೀನಿ' ಎಂದೆ. ಒಳ್ಳೆಯ ಸೀರೆ ಉಟ್ಟೆ. ಆಟೋದಲ್ಲಿ ಕೂತು ದೇವರಾಜ ಮೊಹಲ್ಲಾ ತಲುಪುವವರೆಗೂ ಅವಳ ಮುಖ ಹೇಗೆ ಬಾಡುತ್ತದೆ, ನಾನು ಯಾವ ಮಾತಿನಲ್ಲಿ ಸಮಾಧಾನ ಹೇಳಬೇಕು ಎಂದು ಅಭ್ಯಾಸ ಮಾಡಿಕೊಂಡೆ. ಜಗಳಕ್ಕೆ ಬಂದರೆ ಕೊಡಬೇಕಾದ ಉತ್ತರಗಳೂ ಸಿದ್ಧವಾಗಿದ್ದವು. ಭವ್ಯಾ, ಮುಂದಿನದನ್ನು ನೀನೂ ಓದುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವರ ದಿನಸಿ ಅಂಗಡಿಯ ಮೇಲಿನ ಮನೆಯಲ್ಲಿ ದಾಕ್ಷಾಯಿಣಿ ಅವರೇಕಾಯಿ ಸುಲಿಯುತ್ತ ಕೂತಿದ್ದಳು. 'ಅಯ್ಯೋ, ಬನ್ನಿ ಬನ್ನಿ ಪುಟ್ಟಲಕ್ಷ್ಮಮ್ಮ! ಎಷ್ಟು ದಿನ ಆಯ್ತು ಕಣ್ರೀ!' ಎಂದು ಕೈ ಹಿಡಿದು ಕೂರಿಸಿಕೊಂಡು, ನನ್ನ ಮಡಿಲಿಗೂ ಒಂದಿಷ್ಟು ಕಾಯಿ ಸುರಿದಳು. ಕಾಫಿ ಬಂತು. ನಾನು ಗಂಟಲು ಸರಿ ಮಾಡಿಕೊಂಡು ವಿಷಯ ತೆಗೆದೆ.

'ನಿಮ್ಮ ಸಾಲು ತೆಗೀಬೇಕು ಅಂತಿದಾರೆ' ಎಂದೆ.

'ಯಾವ ಸಾಲು ಕಣ್ರೀ?'

'ಟೋಸ್ಟಿಂದು.'

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸದೆ ನನ್ನನ್ನು ನೋಡಿದಳು. 'ಟೋಸ್ಟ್ ನೀವಲ್ವಾ ಬರೆದದ್ದು?'

'ನಾನಲ್ಲ, ನೀವು! ಗೋಡೆ ಮೇಲೆ ಹಾಕಿರ್ಲಿಲ್ವಾ?'

'ಗೋಡೆ ಮೇಲೆ ಏನೋ ಇತ್ತು, ನಿಜ. ನಂದಾ ಅದು? ನೆನಪೇ ಇಲ್ವಲ್ರೀ. ಏನಂತ ಬರ್ದಿದ್ದೆ?'

ನಾನು ಹೇಳಿದೆ. ಒಂದು ಅಕ್ಷರ ತಪ್ಪದೆ, ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಿದೆ.

'ಪರವಾಗಿಲ್ವೇ! ಚೆನ್ನಾಗಿದೆ' ಎಂದು ನಕ್ಕಳು. 'ತೆಗೀಲಿ ಬುಡಿ, ಅದಕ್ಕೇನಂತೆ. ನಂಗೆ ನೆನಪಿರೋದು ನಿಮ್ದೇ. ನಮ್ಮ ತೃಷೆಗೆ ದೂರದ ನೆಂಟ ಅಂದಿದ್ರಿ. ಅವತ್ತು ಮನೆಗೆ ಬಂದು ನಮ್ಮ ಯಜಮಾನ್ರಿಗೂ ಹೇಳಿದ್ದೆ ಕಣ್ರೀ, ಪುಟ್ಟಲಕ್ಷ್ಮಮ್ಮ ಎಂಥಾ ಮಾತು ಹುಡುಕಿದ್ರು ನೋಡಿ ಅಂತ. ಊಟ ಮಾಡಿ ಮಲಗೋವರ್ಗೂ ಅದೇ ಮಾತು.'

ಸಿದ್ಧಮಾಡಿಕೊಂಡು ಹೋಗಿದ್ದ ಉತ್ತರಗಳಿಗೆ ಪ್ರಶ್ನೆಯೇ ಇರಲಿಲ್ಲ. ನನ್ನ ಸಾಲು ಬದುಕಿದ್ದದ್ದು ಅವಳ ತಲೆಯಲ್ಲಿ. ಅವಳ ಸಾಲು ಬದುಕಿದ್ದದ್ದು ನನ್ನ ಹೊಟ್ಟೆಯಲ್ಲಿ. ಆದರೆ ಅವಳು ನನ್ನದನ್ನು ಮೆಚ್ಚಿ, ಗಂಡನಿಗೆ ಹೇಳಿ, ಊಟ ಮಾಡಿ, ನಿದ್ದೆ ಮಾಡಿದಳು. ಆ ನಿದ್ದೆ ನನಗೆ ಒಂದು ದಿನವೂ ಬರಲಿಲ್ಲ. ಮೇಜು, ಬಿಸಿ ಬುತ್ತಿ, ಮೇಷ್ಟ್ರ ಮೆಚ್ಚುಗೆ, ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಆ ಗಳಿಗೆಯಲ್ಲಿ ಅವಳ ಆ ನಿದ್ದೆಗೆ ಹೊಟ್ಟೆಕಿಚ್ಚುಪಟ್ಟೆ.

ಸುಲಿದ ಕಾಳನ್ನು ಒಂದು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು ಕಳಿಸಿದಳು. ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಭವ್ಯಾಳ ಫೋನ್ ಬಂತು.

'ಏನಂದ್ರು ಮೇಡಂ? ಒಪ್ಪಿದ್ರಾ?'

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಬಯಸಿದ್ದು ಅಷ್ಟೇ ತಾನೇ. ಆದರೆ ಅವಳು ಸಿಪ್ಪೆಯ ಜೊತೆ ಗುಡಿಸಿ ಹಾಕಿದ ಜಾಗದಲ್ಲಿ ಹೋಗಿ ಕೂರಲು ನನಗೆ ಮನಸ್ಸು ಬರಲಿಲ್ಲ. ಆ ಸಾಲನ್ನು ಕಳೆದುಕೊಳ್ಳುವಾಗ ಯಾರಿಗಾದರೂ ನೋಯಬೇಕಲ್ಲ!

'ಇಲ್ಲ ಕಣಮ್ಮ, ಒಪ್ಪಲಿಲ್ಲ' ಎಂದೆ.

'ಬೇಜಾರು ಮಾಡ್ಕೊಂಡ್ರಾ?'

'ಬೇಜಾರಾ? ಕೂಗಾಡ್ಬುಟ್ರು. ಒಂದಕ್ಷರ ಮುಟ್ಟಿದ್ರೂ ಸುಮ್ನಿರಲ್ಲ ಅಂದ್ರು. ಕಣ್ಣಲ್ಲಿ ನೀರು ಹಾಕ್ಕೊಂಡ್ರು.'

'ಹಾಗಿದ್ರೆ ಅದೇ ಇರ್ಲಿ ಮೇಡಂ. ನಿಮ್ದು ಬರಲ್ವಲ್ಲ, ಬೇಸರ ಇಲ್ವಾ?'

'ಇರ್ಲಿ ಬುಡು.'

'ಅವರಿಗೆ ಆ ಸಾಲು ಅಂದ್ರೆ ಅಷ್ಟೊಂದು ಪ್ರೀತಿನಾ ಮೇಡಂ?'

'ಪ್ರಾಣಾನೇ ಇಟ್ಕೊಂಡವ್ರೆ ಕಣಮ್ಮ' ಎಂದೆ.